ಸೋಶಿಯಲ್ ವರ್ಕರ್ ಮೇಡಂ ರಿಟೈರ್ ಆಗ್ತಿದಾರೆ, ಅವ್ರು ಸಹಾಯ ಮಾಡಿದ ಮಕ್ಕಳನ್ನ ಸ್ಟೇಜ್ ಹತ್ತಿಸ್ಬಹುದಾ?

ಪ್ರಶ್ನೆ: ನಮ್ಮ ಸ್ಕೂಲಲ್ಲಿ 19 ವರ್ಷದಿಂದ ಇರೋ ಸೋಶಿಯಲ್ ವರ್ಕರ್ ಮೇಡಂ ಈ ವರ್ಷದ ಕೊನೆಗೆ ರಿಟೈರ್ ಆಗ್ತಿದಾರೆ. ನಾವು ನಾಲ್ಕು ಜನ ಟೀಚರ್ಸ್ ಸೇರಿ ಅವ್ರಿಗೆ ಗೊತ್ತಾಗದ ಹಾಗೆ ಒಂದು ದೊಡ್ಡ ಕಾರ್ಯಕ್ರಮ ಮಾಡ್ಬೇಕು ಅಂತ ಹೊರಟಿದೀವಿ. ಅವ್ರಿಂದ ಸಹಾಯ ಆದ ಕೆಲವು ಮಕ್ಕಳು ಸ್ಟೇಜ್ ಮೇಲೆ ಬಂದು ತಮ್ಮ ಕಥೆ ಹೇಳೋದು, ಒಂದು ವಿಡಿಯೊ ಹಾಕೋದು, 'ನಮ್ಮೆಲ್ಲರ ಅಮ್ಮ' ಅಂತ ಒಂದು ಫಲಕ ಕೊಡೋದು, ಅವ್ರ ರೂಮಿಗೆ ಅವ್ರ ಹೆಸರು ಇಡೋದು, ಇದು ಪ್ಲಾನ್. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಹೆಚ್ಚುಕಮ್ಮಿ ಒಂದು ವರ್ಷ ಸ್ಕೂಲಿಗೇ ಬರ್ತಿರ್ಲಿಲ್ಲ, ಮೇಡಂ ಪದೇ ಪದೇ ಮನೆಗೆ ಹೋಗಿ ವಾಪಸ್ ಕರ್ಕೊಂಡು ಬಂದ್ರು. ಅವಳು ಮಾತಾಡೋಕೆ ಒಪ್ಪಿದಾಳೆ, ಅವಳ ಮಾತು ಮೊಬೈಲಲ್ಲಿ ರೆಕಾರ್ಡ್ ಕೂಡ ಆಗಿದೆ. ಆದ್ರೆ ಒಬ್ರು ಟೀಚರ್ ಮೇಡಂ ಹತ್ರ ಸುಮ್ನೆ ಸೂಕ್ಷ್ಮವಾಗಿ ಕೇಳಿದ್ದಕ್ಕೆ 'ದಯವಿಟ್ಟು ಏನೂ ಬೇಡ' ಅಂದ್ರಂತೆ. ಇನ್ನೊಬ್ರು ಸೀನಿಯರ್ 'ಸಂಬಳ ತಗೊಂಡು ಮಾಡಿದ ಕೆಲಸಕ್ಕೆ ಇಷ್ಟೆಲ್ಲ ಯಾಕೆ' ಅಂತಿದಾರೆ. ನಂಗೆ ಬೇಜಾರಾಗ್ತಿದೆ, ಯಾಕಂದ್ರೆ ನಾನೇ ಕೆಲಸ ಬಿಡೋ ಸ್ಥಿತೀಲಿದ್ದಾಗ ಪಕ್ಕ ಕೂತು ಕೇಳಿಸ್ಕೊಂಡವ್ರು ಅವ್ರೊಬ್ರೇ. ಅವ್ರು ಮಾಡಿದ್ದು ಯಾರಿಗೂ ಗೊತ್ತಾಗ್ದೆ ಹೋಗ್ಬಾರ್ದು. ಮಕ್ಕಳು ಬೇರೆ ಈಗ್ಲೇ 'ಮೇಡಂ ಹೋಗ್ತಾರಾ' ಅಂತ ಕೇಳೋಕೆ ಶುರು ಮಾಡಿದಾರೆ. ಏನು ಮಾಡ್ಲಿ?

ಉತ್ತರ:

ನೀವು ಕೇಳಿರೋದು ಕಾರ್ಯಕ್ರಮದ ಬಗ್ಗೆ, ಆದ್ರೆ ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಚಿಂತೆ ಕಾಣಿಸ್ತಿದೆ ನಂಗೆ. ಅವ್ರ ಕೆಲಸ ಯಾರ ಕಣ್ಣಿಗೂ ಬೀಳದೆ ಹೋಗುತ್ತೆ ಅನ್ನೋದು ಒಂದು, ಅವ್ರೇ ಬೇಡ ಅಂತಿರೋವಾಗ ಮಾಡೋದು ಸರೀನಾ ಅನ್ನೋದು ಇನ್ನೊಂದು, ಅವ್ರು ಹೋದ್ಮೇಲೆ ಮಕ್ಕಳ ಗತಿ ಏನು (ನಿಮ್ಮ ಗತೀನೂ ಸೇರಿಸಿ) ಅನ್ನೋದು ಮೂರನೇದು. ನಾನು ಸ್ಕೂಲ್‌ಗಳಲ್ಲಿ ಇದೇ ಕೆಲಸ ಮಾಡ್ಕೊಂಡು ಬಂದು ಈಗ ಹೊಸಬರಿಗೆ ಸೂಪರ್ವಿಷನ್ ಕೊಡೋಳು, ಹಾಗಾಗಿ ಆ ಕುರ್ಚಿಯಲ್ಲಿ ಕೂತವ್ರ ಕಡೆಯಿಂದ ಸ್ವಲ್ಪ ಹೇಳ್ತೀನಿ.

ಮೊದಲು ಆ ಹುಡುಗಿ ವಿಷಯ, ಯಾಕಂದ್ರೆ ಉಳಿದಿದ್ದೆಲ್ಲ ಆಮೇಲೂ ಸರಿ ಮಾಡ್ಕೋಬಹುದು, ಇದನ್ನ ಆಗಲ್ಲ. ಅವಳನ್ನ ಸ್ಟೇಜ್ ಹತ್ತಿಸ್ಬೇಡಿ.

'ಒಪ್ಪಿದಾಳೆ' ಅಂತ ಬರ್ದಿದೀರಿ. ಯಾರ ಹತ್ರ ಒಪ್ಪಿದಾಳೆ? ತನಗೆ ಮಾರ್ಕ್ಸ್ ಕೊಡೋ ಟೀಚರ್ ಬಂದು, ನಿನ್ನನ್ನ ಉಳಿಸಿದ ಮೇಡಂಗೋಸ್ಕರ ಎರಡು ಮಾತಾಡ್ತೀಯಾ ಅಂತ ಕೇಳಿದಾಗ ಆ ವಯಸ್ಸಿನ ಹುಡುಗಿ ಇಲ್ಲ ಅನ್ನೋದು ಹೇಗೆ ಹೇಳಿ? ಇಲ್ಲ ಅಂದ್ರೆ ಕೃತಜ್ಞತೆ ಇಲ್ಲದವಳು ಅಂತ ಆಗುತ್ತೆ ಅನ್ನೋ ಭಯ ಒಂದು ಕಡೆ, ಮೇಡಂ ಮೇಲೆ ನಿಜವಾದ ಪ್ರೀತಿ ಇನ್ನೊಂದು ಕಡೆ, ಎರಡೂ ಸೇರಿ ಹೂಂ ಅಂದಿರ್ತಾಳೆ. ಅವಳ ಮನಸ್ಸಿಂದಾನೇ ಬಂದ ಹೂಂ ಅಂತಾನೇ ಇಟ್ಕೊಳ್ಳಿ, ಆದ್ರೂ ಅದು ಇವತ್ತಿನ ಹೂಂ. ವಿಡಿಯೊ ಮಾತ್ರ ಅವಳು ಕಾಲೇಜಿಗೆ ಹೋದಾಗ್ಲೂ ಇರುತ್ತೆ, ಕೆಲಸಕ್ಕೆ ಸೇರಿದಾಗ್ಲೂ ಯಾರದೋ ಫೋನಲ್ಲಿ ಇರುತ್ತೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನ, ಮನೆ, ಗೌರವ ಇದನ್ನೆಲ್ಲ ಕಾಪಾಡ್ಬೇಕು ಅಂತ ಹೇಳೋದು ಇಂಥ ಕಾರಣಕ್ಕೇ. ಅವಳು ಸ್ಕೂಲಿಗೆ ಬರದೆ ಇದ್ದಿದ್ದಕ್ಕೆ ಕಾರಣ ಅವಳ ಮನೇಲಿತ್ತು ಅನ್ಸುತ್ತೆ, ಅಂದ್ಮೇಲೆ ಆ ಕಥೆ ಅವಳೊಬ್ಬಳದ್ದಲ್ಲ, ಅವಳ ಅಪ್ಪ ಅಮ್ಮ ತಮ್ಮ ತಂಗಿ ಎಲ್ಲರದ್ದೂ, ಅವ್ರನ್ನ ಯಾರಾದ್ರೂ ಕೇಳಿದ್ರಾ?

ಹೆಸರು ಹೇಳದೆ 'ಒಬ್ಬ ವಿದ್ಯಾರ್ಥಿನಿ' ಅಂತ ಹೇಳಿದ್ರೆ ಸಾಕು ಅಂತ ಕಮಿಟೀಲಿ ಯಾರಾದ್ರೂ ಹೇಳೇ ಹೇಳ್ತಾರೆ. ಒಂದು ಸ್ಕೂಲೊಳಗೆ ಅದು ನಡಿಯಲ್ಲ. ಒಂದು ವರ್ಷ ಬರದೇ ಇದ್ದ ಹುಡುಗಿ ಅಂದ ತಕ್ಷಣ ಹಿಂದಿನ ಬೆಂಚಿನಿಂದ ಹೆಸರು ಬರುತ್ತೆ.

ಇಂಥದ್ದೇ ಒಂದು ಬೀಳ್ಕೊಡುಗೆಯಲ್ಲಿ ನಾನು ಕೂತಿದ್ದೆ. ನಿರೂಪಣೆ ಮಾಡ್ತಿದ್ದವ್ರು ಒಳ್ಳೇ ಮನಸ್ಸಿಂದಾನೇ, ಈ ಹುಡುಗ ಮೊದಲು ಬೇರೆಯವ್ರ ಬ್ಯಾಗಿಂದ ದುಡ್ಡು ತೆಗೀತಿದ್ದ, ಇವತ್ತು ನೋಡಿ ಕ್ಲಾಸ್ ಲೀಡರ್, ಅಂದ್ರು, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದ್ರು. ಹುಡುಗ ಬಗ್ಗಿ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟೋಕೆ ಶುರು ಮಾಡ್ದ, ಕಟ್ಟಿ ಮುಗಿದ್ಮೇಲೆ ಇನ್ನೊಂದು ಕಾಲಿಂದು ಬಿಚ್ಚಿದ. ಸನ್ಮಾನ ಮಾಡಿಸ್ಕೊಳ್ತಿದ್ದ ಸೋಶಿಯಲ್ ವರ್ಕರ್ ಮುಖ ನೋಡೋ ಹಾಗಿರ್ಲಿಲ್ಲ. ಆಕೆ ಹೌದು ಅನ್ನೋ ಹಾಗಿಲ್ಲ, ಅಲ್ಲ ಅನ್ನೋ ಹಾಗೂ ಇಲ್ಲ, ಎದ್ದು ನಿಲ್ಲಿಸಿ ಅನ್ನೋ ಹಾಗೂ ಇಲ್ಲ, ಎದುರಿಗೆ ಕ್ಯಾಮೆರಾ. ನಿಮ್ಮ ಮೇಡಂನ ನೀವು ಅದೇ ಜಾಗಕ್ಕೆ ತಂದು ಕೂರಿಸೋಕೆ ಹೊರಟಿದೀರಿ. ಇಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ ಗುಟ್ಟುಗಳನ್ನ ಅವ್ರದ್ದೇ ಸನ್ಮಾನದಲ್ಲಿ ಮೈಕಲ್ಲಿ ಹಾಕಿದ ಹಾಗಾಗುತ್ತೆ. ಆ ಹಾಲಲ್ಲಿ ಇನ್ನೂ ಏನೂ ಹೇಳ್ಕೊಳ್ಳದ ಮಕ್ಕಳೂ ಕೂತಿರ್ತಾರಲ್ಲ, ನಾಳೆ ಹೊಸಬರ ಹತ್ರ ಬಾಯಿ ಬಿಡೋ ಮುಂಚೆ ಅವ್ರು ಯೋಚ್ನೆ ಮಾಡೋದು ಇದನ್ನೇ, ನಾನು ಹೇಳಿದ್ದೂ ಒಂದಿನ ಹೀಗೇ ಹೊರಗೆ ಬರುತ್ತಾ ಅಂತ.

ಹಾಗಂತ ಹುಡುಗಿಗೆ 'ನೀನು ಬೇಡ' ಅಂತ ಹೇಳಿದ್ರೆ ಅದು ಇನ್ನೊಂದು ಪೆಟ್ಟು. ಕಾರ್ಯಕ್ರಮ ಚಿಕ್ಕದು ಮಾಡ್ತಿದೀವಿ, ಮಕ್ಕಳ ಭಾಷಣ ಯಾರ್ದೂ ಇರಲ್ಲ, ನೀನು ಮೇಡಂಗೆ ಹೇಳ್ಬೇಕು ಅಂದ್ಕೊಂಡಿದ್ದನ್ನ ಅವ್ರ ಹತ್ರಾನೇ ಕೂತು ಹೇಳೋಕೆ ಅರ್ಧ ಗಂಟೆ ಮಾಡಿ ಕೊಡ್ತೀವಿ, ಬರ್ದು ಕೊಡ್ಬೇಕು ಅಂದ್ರೆ ಅದೂ ಆಗುತ್ತೆ, ಅಂತ ಹೇಳಿ. ರೆಕಾರ್ಡಿಂಗ್ ಡಿಲೀಟ್ ಮಾಡಿ, ಗ್ರೂಪಿಗೆ ಹಾಕಿದ್ರೆ ಅಲ್ಲಿಂದಾನೂ, ಅದನ್ನ ಇಳಿಸ್ಕೊಂಡವ್ರ ಫೋನಿಂದಾನೂ, ಆಮೇಲೆ ಡಿಲೀಟ್ ಆಯ್ತು ಅಂತ ಅವಳಿಗೆ ಹೇಳಿ. ಹೇಳೋದು ಮರೀಬೇಡಿ.

ಈಗ 'ನಮ್ಮೆಲ್ಲರ ಅಮ್ಮ' ಫಲಕ. ನಿಮ್ಮ ಪ್ರೀತಿ ಅರ್ಥ ಆಗುತ್ತೆ, ಆದ್ರೂ ನಂಗೆ ಈ ಮಾತು ಯಾವಾಗ್ಲೂ ಸ್ವಲ್ಪ ಇರಿಸುಮುರಿಸು. ಸರ್ಜನ್ ರಿಟೈರ್ ಆದ್ರೆ 'ನಮ್ಮೆಲ್ಲರ ಅಪ್ಪ' ಅಂತ ಫಲಕ ಯಾರೂ ಕೊಡಲ್ಲ, ಅವ್ರ ಕೈಚಳಕದ ಬಗ್ಗೆ ಮಾತಾಡ್ತಾರೆ. ಒಂದು ಮಗು ಸ್ಕೂಲಿಗೆ ಬರ್ತಿಲ್ಲ ಅಂದ್ರೆ ಯಾಕೆ ಅಂತ ಕಂಡುಹಿಡಿಯೋದೇ ದೊಡ್ಡ ವಿದ್ಯೆ. ಚಿಕ್ಕ ಮಗು ನೋಡ್ಕೊಳ್ಳೋಕೆ ಮನೇಲಿ ಉಳಿಸ್ಕೊಂಡಿದಾರಾ, ದಾರೀಲಿ ಯಾರಾದ್ರೂ ಕಾಡ್ತಿದಾರಾ, ಕ್ಲಾಸಲ್ಲಿ ಓದೋಕೆ ಬರಲ್ಲ ಅನ್ನೋ ಅವಮಾನಾನಾ, ಅಮ್ಮನಿಗೆ ಹುಷಾರಿಲ್ವಾ, ತಾನಿಲ್ದಿದ್ರೆ ಮನೇಲಿ ಏನೋ ಆಗ್ಬಿಡುತ್ತೆ ಅನ್ನೋ ಭಯಾನಾ, ಎಲ್ಲಾ ಹೊರಗಿಂದ ನೋಡಿದ್ರೆ ಒಂದೇ ತರ ಕಾಣುತ್ತೆ, 'ಚಕ್ಕರ್ ಹೊಡೀತಿದಾಳೆ' ಅಂತ. ಪ್ರತಿಯೊಂದಕ್ಕೂ ಮಾಡ್ಬೇಕಾದ್ದು ಬೇರೆ, ತಪ್ಪು ಕಾರಣ ಹಿಡಿದು ಹೊರಟ್ರೆ ಮಗು ಇನ್ನೂ ದೂರ ಹೋಗುತ್ತೆ. ಮನೆಗೆ ಹೋದಾಗ ಎಲ್ಲಿ ಕೂರ್ಬೇಕು, ಯಾರ ಹತ್ರ ಮೊದಲು ಮಾತಾಡ್ಬೇಕು, ಯಾವ ಪ್ರಶ್ನೇನ ಮಗುವಿನ ಎದುರಿಗೆ ಕೇಳ್ಬಾರ್ದು, ಅಪಾಯ ಇದೆ ಅಂತ ಅನ್ಸಿದ್ರೆ ಎಷ್ಟು ಬೇಗ ಯಾರಿಗೆ ತಿಳಿಸ್ಬೇಕು, ಏನು ಬರ್ದಿಡ್ಬೇಕು ಏನು ಬರ್ದಿಡ್ಬಾರ್ದು, ಇದೆಲ್ಲ ಟ್ರೈನಿಂಗಿಂದ ಮತ್ತೆ ವರ್ಷಗಟ್ಟಲೆ ಅನುಭವದಿಂದ ಬರೋದು.

ಈ ವೃತ್ತಿ ಶುರುವಾಗಿದ್ದೂ ಹೀಗೇನೆ. 1906-07ರ ಹೊತ್ತಿಗೆ ಅಮೆರಿಕದ ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ಊರುಗಳಲ್ಲಿ 'ವಿಸಿಟಿಂಗ್ ಟೀಚರ್' ಅಂತ ಕೆಲವರನ್ನ ಇಟ್ಕೊಂಡ್ರು, ಮನೆಗೂ ಸ್ಕೂಲಿಗೂ ಮಧ್ಯ ಓಡಾಡಿ ಇವ್ರ ಕಷ್ಟ ಅವ್ರಿಗೆ, ಅವ್ರ ಕಷ್ಟ ಇವ್ರಿಗೆ ತಿಳಿಸೋದು ಅವ್ರ ಕೆಲಸ. ಮೊದಮೊದಲು ದುಡ್ಡು ಹಾಕ್ತಿದ್ದಿದ್ದು ಹೊರಗಿನ ಖಾಸಗಿ ಸಂಘಸಂಸ್ಥೆಗಳು. 1913ರಲ್ಲಿ ಅಲ್ಲಿಯದ್ದೇ ರಾಚೆಸ್ಟರ್ ಊರಿನ ಶಿಕ್ಷಣ ಮಂಡಳಿ ಇದು ನಮ್ಮದೇ ಕೆಲಸ ಅಂತ ಒಪ್ಕೊಂಡು ತನ್ನ ಖರ್ಚಲ್ಲೇ ನೇಮಕ ಮಾಡ್ಕೊಳ್ತು. ನಂಗೆ ಈ 1913 ಯಾಕೆ ಮುಖ್ಯ ಅಂದ್ರೆ, ಯಾರೋ ಪುಣ್ಯಾತ್ಮರು ಬಂದು ಮಾಡೋ ಸೇವೆ ಅಂತ ಇದ್ದಿದ್ದು ಅವತ್ತು ಸ್ಕೂಲಿನ ಬಜೆಟ್ಟಿನ ಒಂದು ಸಾಲು ಆಯ್ತು. 'ಅಮ್ಮ' ಅಂತ ಕರ್ದಾಗ ನಾವು ತಿಳೀದೇನೇ ವಾಪಸ್ ಹಿಂದಕ್ಕೆ ಹೋಗ್ತೀವಿ. ಒಳ್ಳೇ ಮನಸ್ಸಿದ್ರೆ ಯಾರು ಬೇಕಾದ್ರೂ ಮಾಡೋ ಕೆಲಸ ಅಂತ ಆಗುತ್ತೆ, ಆಮೇಲೆ ಮ್ಯಾನೇಜ್‌ಮೆಂಟ್ ಮೀಟಿಂಗಲ್ಲಿ ಯಾರಾದ್ರೂ, ಹಂಗಾದ್ರೆ ಆ ಪೋಸ್ಟ್ ಖಾಲಿ ಬಿಡಿ, ನಮ್ಮ ಟೀಚರ್ಸಲ್ಲೇ ಮಕ್ಕಳನ್ನ ಕಂಡ್ರೆ ಪ್ರೀತಿ ಇರೋರು ಒಬ್ರು ನೋಡ್ಕೊಳ್ಳಿ, ಅಂತ ಸುಲಭವಾಗಿ ಅಂದ್ಬಿಡ್ತಾರೆ.

ಇನ್ನು ನಿಮ್ಮ ಸೀನಿಯರ್ ಮಾತು. 'ಸಂಬಳಕ್ಕೆ ಮಾಡಿದ್ದು.' ಅವ್ರ ಮೇಲೆ ಸಿಟ್ಟಾಗ್ಬೇಡಿ, ಅರ್ಧ ನಿಜಾನೇ ಇದೆ ಅದ್ರಲ್ಲಿ. ಸಂಬಳಕ್ಕೆ ಮಾಡಿದ್ದು ಹೌದು, ಚೆನ್ನಾಗಿ ಮಾಡಿದ್ದು ಅನ್ನೋದು ಅವ್ರ ಕಣ್ಣಿಗೆ ಬಿದ್ದಿಲ್ಲ ಅಷ್ಟೇ, ಬೀಳೋ ಹಾಗೂ ಇಲ್ಲ. ಮ್ಯಾಥ್ಸ್ ಟೀಚರ್ ಕೆಲಸ ರಿಸಲ್ಟ್ ಶೀಟಲ್ಲಿ ಬರುತ್ತೆ, ಪಿಟಿ ಟೀಚರ್ ಕೆಲಸ ಕಪ್ ಆಗಿ ಶೋಕೇಸಲ್ಲಿ ಕೂರುತ್ತೆ, ಸೋಶಿಯಲ್ ವರ್ಕರ್ ಕೆಲಸ ಫಲಿಸಿದ್ರೆ ಏನೂ ಆಗಲ್ಲ. ಜಗಳ ಆಗಲ್ಲ, ಮಗು ಸ್ಕೂಲ್ ಬಿಡಲ್ಲ, ಮನೆ ಬಿಟ್ಟು ಓಡಿಹೋಗಲ್ಲ. ಆಗದೇ ಇದ್ದಿದ್ದನ್ನ ಯಾರು ಎಣಿಸ್ತಾರೆ? ಮೇಲಿಂದ ಗೌಪ್ಯತೆ ಬೇರೆ, ನಾನು ಇಷ್ಟು ಮಾಡ್ದೆ ಅಂತ ಅವ್ರೇ ಹೇಳ್ಕೊಳ್ಳೋ ಹಾಗಿಲ್ಲ. ಇನ್ನೊಂದು, ಟೀಚರ್‌ಗಳಿಗೆ ಕಾಣೋ ಸೋಶಿಯಲ್ ವರ್ಕರ್ ಅಂದ್ರೆ ಪೀರಿಯಡ್ ಮಧ್ಯ ಬಂದು ಮಗುನ ಕರ್ಕೊಂಡು ಹೋಗೋರು, ಯಾಕೆ ಅಂತ ಕೇಳಿದ್ರೆ ಪೂರ್ತಿ ಹೇಳದೇ ಇರೋರು. ಇದ್ರಿಂದ ಸಣ್ಣ ಅಸಮಾಧಾನ ಹುಟ್ಟೋದು ಸಹಜ, ನಿಮ್ಮ ಸೀನಿಯರ್ ಮಾತಿನ ಹಿಂದೆ ಅದೂ ಇರಬಹುದು. ಅವ್ರನ್ನ ಕಮಿಟಿಗೆ ಎಳೀಬೇಡಿ, ದೂರ ಇಡೋದೂ ಬೇಡ.

ಮೇಡಂ 'ಏನೂ ಬೇಡ' ಅಂದಿದ್ದು ವಿನಯಕ್ಕೆ ಅಂತ ನೀವು ತಿಳ್ಕೊಂಡಿದೀರಿ, ಅದಕ್ಕೇ ಸರ್ಪ್ರೈಸ್ ಅಂತಿದೀರಿ. ಇರಬಹುದು. ಆದ್ರೆ ಈ ಕೆಲಸದಲ್ಲಿರೋರು ಬೇಡ ಅನ್ನೋದಕ್ಕೆ ಬೇರೆ ಕಾರಣಗಳು ನಂಗೆ ಹೆಚ್ಚು ಕಂಡಿವೆ. ಮೊದಲ್ನೇದು, ಈಗ ಹೇಳಿದ ಭಯ, ಯಾವ ಮಗುನ ತಂದು ನಿಲ್ಲಿಸ್ತಾರೋ ಅಂತ. ಎರಡನೇದು ಹೊರಗಿನವ್ರಿಗೆ ಹೊಳೆಯಲ್ಲ. ನೀವು ಅವ್ರಿಂದ ನೆಟ್ಟಗಾದ ಮಕ್ಕಳನ್ನ ನೆನೆಸ್ಕೊಳ್ತೀರಿ, ಅವ್ರ ತಲೇಲಿ ಓಡೋದು ಕೈ ತಪ್ಪಿ ಹೋದ ಮಕ್ಕಳು. ಚಪ್ಪಾಳೆ ಜೋರಾದಷ್ಟೂ ಆ ಮುಖಗಳು ಎದ್ದು ಬರ್ತವೆ. ಮೂರನೇದು ಸುಸ್ತು. ಬೇರೆಯವ್ರ ನೋವನ್ನ ದಿನಾ ಕೇಳ್ತಾ ಕೇಳ್ತಾ ಕೇಳೋರ ಮನಸ್ಸೇ ಬದಲಾಗಿಬಿಡುತ್ತೆ, ಲೋಕ ಸುರಕ್ಷಿತ ಅನ್ನೋ ನಂಬಿಕೇನೇ ಸವೆದು ಹೋಗುತ್ತೆ ಅಂತ 1990ರಲ್ಲೇ ಮೆಕ್‌ಕ್ಯಾನ್ ಮತ್ತು ಪರ್ಲ್‌ಮನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ವಿವರವಾಗಿ ಬರೆದಿದಾರೆ. ಬರ್ನ್‌ಔಟನ್ನ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ ಹೊಸ ಆವೃತ್ತೀಲಿ ಸೇರಿಸ್ದಾಗ ಅದನ್ನ ಕಾಯಿಲೆ ಅನ್ಲಿಲ್ಲ, ಕೆಲಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸದೆ ಇದ್ರೆ ಬರೋ ಸ್ಥಿತಿ ಅಂದಿತು. ಅಂದ್ರೆ ಅವ್ರು ದಣಿದಿದ್ರೆ ಅದು ಅವ್ರ ದೌರ್ಬಲ್ಯ ಅಲ್ಲ, ಒಬ್ರ ಮೇಲೆ ಅಷ್ಟು ಹೊರೆ ಹಾಕಿದ್ದು ಸ್ಕೂಲು. ಅಮೆರಿಕದ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ 250 ಮಕ್ಕಳಿಗೆ ಒಬ್ರು ಸ್ಕೂಲ್ ಸೋಶಿಯಲ್ ವರ್ಕರ್ ಇರ್ಬೇಕು, ತುಂಬಾ ಕಷ್ಟದಲ್ಲಿರೋ ಮಕ್ಕಳೇ ಜಾಸ್ತಿ ಇದ್ರೆ 50ಕ್ಕೊಬ್ರು ಅಂತ ಹೇಳುತ್ತೆ. ನಿಮ್ಮ ಸ್ಕೂಲಲ್ಲಿ ಒಬ್ರ ಪಾಲಿಗೆ ಎಷ್ಟು ಮಕ್ಕಳಿದ್ರು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಹಾಗಾಗಿ ಸರ್ಪ್ರೈಸ್ ಬೇಡ. ಅವ್ರಿಗೆ ಹತ್ತಿರ ಇರೋರು ಒಬ್ರು, ನೀವೇ ಅಂತಿಟ್ಕೊಳ್ಳಿ, ಹೋಗಿ ಕೂತು ಕೇಳಿ. ಕೇಳೋ ರೀತಿ ಮುಖ್ಯ. 'ಏನಾದ್ರೂ ಮಾಡ್ಲಾ ಮೇಡಂ' ಅಂದ್ರೆ ಬೇಡ ಅಂತಾನೇ ಬರುತ್ತೆ. 'ಮೇಡಂ, ಮಕ್ಕಳ ಕಥೆ ಯಾವುದೂ ಇರಲ್ಲ, ಫೋಟೊ ಇರಲ್ಲ, ಅದು ಪಕ್ಕಾ. ಸ್ಟಾಫ್ ಮಾತ್ರ ಸೇರಿ ಒಂದು ಗಂಟೆ ಕೂರೋದಾ, ಇಡೀ ಸ್ಕೂಲ್ ಸೇರೋದಾ, ಅಥವಾ ಬರೀ ಪತ್ರಗಳು ಸಾಕಾ? ನಿಮಗೆ ಯಾವುದು ಖಂಡಿತ ಬೇಡ ಹೇಳಿ, ಅದನ್ನ ಬಿಟ್ಬಿಡ್ತೀವಿ' ಅಂತ ಕೇಳಿ. ಅಷ್ಟಾಗಿಯೂ ಎಲ್ಲಾ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ, ಅವ್ರ ಮೇಲಿನ ಗೌರವ ಅಲ್ಲಿಂದಾನೇ ಶುರುವಾಗ್ಲಿ.

ಒಪ್ಪಿದ್ರೆ ಏನೇನು ಮಾಡ್ಬಹುದು, ಎಲ್ಲೆಲ್ಲಿ ಎಡವಬಹುದು ಅಂತ ಹೇಳ್ತೀನಿ. ನಂಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಟಾಫ್ ಮಾತಾಡೋದು, ಮಕ್ಕಳ ಬಗ್ಗೆ ಅಲ್ಲ, ತಮ್ಮ ಬಗ್ಗೆ. ಅಂದ್ರೆ ಮೇಡಂ ಇದ್ದಿದ್ರಿಂದ ನನ್ನ ಪಾಠದಲ್ಲಿ, ನನ್ನ ಕ್ಲಾಸಲ್ಲಿ ಏನು ಬದಲಾಯ್ತು ಅಂತ. ಒಬ್ರು ಟೀಚರ್ ಎದ್ದು ನಿಂತು, 'ಲೇಟಾಗಿ ಬಂದ ಮಕ್ಕಳನ್ನ ನಾನು ಬಾಗಿಲಲ್ಲೇ ನಿಲ್ಲಿಸಿ ಎಲ್ಲರ ಮುಂದೆ ಯಾಕೆ ಅಂತ ಕೇಳ್ತಿದ್ದೆ, ಈಗ ಒಳಗೆ ಬಂದು ಕೂರೋಕೆ ಹೇಳ್ತೀನಿ, ಬೆಲ್ ಆದ್ಮೇಲೆ ಒಬ್ಬರನ್ನೇ ಕೇಳ್ತೀನಿ, ಇದನ್ನ ಕಲ್ತಿದ್ದು ಇವ್ರಿಂದ' ಅಂದ್ರೆ ಸಾಕು, ಯಾವ ಮಗುವಿನ ಗುಟ್ಟೂ ಹೊರಗೆ ಬರ್ಲಿಲ್ಲ, 19 ವರ್ಷದ ಕೆಲಸ ಎಲ್ಲಿ ಹೋಗಿ ಸೇರಿದೆ ಅಂತ ಕೂತವ್ರಿಗೆಲ್ಲ ಗೊತ್ತಾಯ್ತು. ಇದ್ರಲ್ಲಿರೋ ಅಪಾಯ ಅಂದ್ರೆ ಮಾತಿನ ಭರದಲ್ಲಿ 'ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ...' ಅಂತ ಜಾರೋದು. ಮೊದಲೇ ಬರ್ಕೊಂಡು ಬರೋಕೆ ಹೇಳಿ, ಒಬ್ರು ಓದಿ ನೋಡ್ಲಿ, ಒಬ್ಬೊಬ್ರಿಗೆ ಎರಡು ನಿಮಿಷ. ಮತ್ತೆ ಬರೀ ಟೀಚರ್ಸ್ ಸಾಲದು. ಗೇಟಲ್ಲಿ ಕೂರೋರು, ಆಫೀಸ್ ಕ್ಲರ್ಕ್, ಬಸ್ ಡ್ರೈವರ್, ಇವ್ರನ್ನ ಕೇಳಿ ನೋಡಿ. ಯಾವ ಮಗು ಬೆಳಿಗ್ಗೆ ಯಾವ ಮುಖ ಹೊತ್ಕೊಂಡು ಬಂತು ಅಂತ ಮೇಡಂಗೆ ಮೊದಲು ಹೇಳ್ತಿದ್ದವ್ರು ಇವ್ರೇ ಆಗಿರ್ತಾರೆ, ಎಷ್ಟೋ ಸಲ ಸ್ಟಾಫ್ ರೂಮಿಗಿಂತ ಇವ್ರಿಗೇ ಜಾಸ್ತಿ ಗೊತ್ತು.

ಪತ್ರಗಳದ್ದು ಇನ್ನೊಂದು ದಾರಿ. ಒಂದು ಡಬ್ಬ ಇಟ್ಟು, ಬರೀಬೇಕು ಅನ್ಸಿದವ್ರು ಬರ್ದು ಹಾಕಿ ಅಂತ ಎಲ್ಲಾ ಕ್ಲಾಸಿಗೂ ಹೇಳೋದು. ಕ್ಲಾಸಲ್ಲಿ ಕೂರಿಸಿ ಎಲ್ಲರೂ ಬರೀರಿ ಅಂತ ಮಾಡಿಸ್ಬೇಡಿ, ಅದು ಕೈಬರಹದ ಹೋಮ್‌ವರ್ಕ್ ಆಗಿಬಿಡುತ್ತೆ. ಚೆಂದದ ಐಡಿಯಾ, ಆದ್ರೆ ಇಲ್ಲೊಂದು ವಿಷಯ ಕಮಿಟಿಗಳು ಯೋಚ್ನೇನೇ ಮಾಡಲ್ಲ. ಮೇಡಂ ಹೋಗ್ತಿದಾರೆ, ಇದೇ ಕೊನೇ ಅವಕಾಶ ಅಂತ ಗೊತ್ತಾದಾಗ ಯಾವುದೋ ಮಗು ಇಲ್ಲಿವರೆಗೂ ಹೇಳದೇ ಇದ್ದದ್ದನ್ನ ಆ ಪತ್ರದಲ್ಲಿ ಬರ್ದುಬಿಡಬಹುದು. ಹೊಡೆತದ ಬಗ್ಗೆ ಇರಬಹುದು, ಇನ್ನೂ ಕೆಟ್ಟದ್ದು ಇರಬಹುದು. ಆ ಪತ್ರ ಗಿಫ್ಟ್ ಬಾಕ್ಸಲ್ಲಿ ಪ್ಯಾಕ್ ಆಗಿ ಅವ್ರ ಮನೆಗೆ ಹೋಗಿ, ಅವ್ರು ಎರಡು ತಿಂಗಳಾದ್ಮೇಲೆ ತೆಗೆದು ಓದಿದ್ರೆ? ಅದಕ್ಕೆ ಪತ್ರಗಳು ಅವ್ರು ಇನ್ನೂ ಡ್ಯೂಟೀಲಿ ಇರೋವಾಗ್ಲೇ, ಕೊನೇ ದಿನಕ್ಕೆ ಎರಡು ಮೂರು ವಾರ ಮೊದಲೇ ಅವ್ರ ಕೈ ಸೇರ್ಲಿ, ಅವ್ರೇ ಓದ್ಲಿ. ಕಮಿಟಿಯವ್ರು ತೆಗೆದು ಓದಿ ಒಳ್ಳೇದನ್ನ ಆರಿಸೋದು ಬೇಡ್ವೇ ಬೇಡ. ನಿಮ್ಮ ಪತ್ರ ಮೇಡಂ ಒಬ್ರೇ ಓದ್ತಾರೆ, ನಿಮಗೆ ಅಪಾಯ ಇದೆ ಅಂತ ಅನ್ಸಿದ್ರೆ ಮಾತ್ರ ಬೇರೆಯವ್ರಿಗೆ ಹೇಳ್ತಾರೆ, ಅಂತ ಮಕ್ಕಳಿಗೆ ಮೊದಲೇ ತಿಳಿಸಿ. ಸಿಟ್ಟಿನ ಪತ್ರಾನೂ ಬರುತ್ತೆ, 'ನೀವೂ ಬಿಟ್ಟು ಹೋಗ್ತಿದೀರಾ' ಅಂತ. ಬರ್ಲಿ, ಅವ್ರಿಗೆ ಅದು ಅರ್ಥ ಆಗುತ್ತೆ.

ಹಳೇ ವಿದ್ಯಾರ್ಥಿಗಳನ್ನ ಕರೀಬಹುದು, ಈಗ ದೊಡ್ಡವರಾಗಿದಾರೆ, ತಮ್ಮ ಕಥೆ ಹೇಳೋದು ಬಿಡೋದು ಅವ್ರಿಷ್ಟ. ಆದ್ರೆ ಹೆಸರು ಆರಿಸಿ ಫೋನ್ ಮಾಡ್ಬೇಡಿ. ಯಾರ್ಯಾರು ಆ ರೂಮಿಗೆ ಹೋಗ್ತಿದ್ರು ಅನ್ನೋ ಪಟ್ಟೀನೇ ಗುಟ್ಟು. 'ನಿಮಗೆ ಮೇಡಂ ಸಹಾಯ ಮಾಡಿದ್ರಲ್ಲ' ಅಂತ ನೀವು ಫೋನ್ ಮಾಡಿದಾಗ ಆ ಫೋನ್ ಎತ್ತೋದು ಅವ್ರ ಹೆಂಡ್ತಿನೋ ಗಂಡನೋ ಆಗಿದ್ರೆ? ಎಲ್ಲಾ ಹಳೇ ವಿದ್ಯಾರ್ಥಿಗಳಿಗೂ ಒಂದೇ ಸಾಮಾನ್ಯ ಆಹ್ವಾನ ಹೋಗ್ಲಿ, ಬರೋರು ಬರ್ತಾರೆ.

ರೂಮಿಗೆ ಹೆಸರಿಡೋದಕ್ಕೆ ನನ್ನ ಮತ ಇಲ್ಲ. ಆ ಬಾಗಿಲ ಮೇಲೆ ಬೋರ್ಡ್ ದೊಡ್ಡದಾದಷ್ಟೂ ಒಳಗೆ ಹೋಗೋ ಮಗು ಎಲ್ಲರಿಗೂ ಕಾಣುತ್ತೆ. ಲೈಬ್ರರಿಗೋ ಆಟದ ಮೈದಾನಕ್ಕೋ ಇಡಿ ಬೇಕಾದ್ರೆ. ಅವ್ರ ಹೆಸರಲ್ಲಿ ಕಷ್ಟದಲ್ಲಿರೋ ಮಕ್ಕಳಿಗೆ ವರ್ಷಾ ವರ್ಷಾ ಸಹಾಯಧನ ಅಂತಾನೂ ಕೆಲವು ಕಡೆ ಮಾಡ್ತಾರೆ, ಒಳ್ಳೇದೇ, ಸ್ಟೇಜ್ ಮೇಲೆ ಕರೆದು ಚೆಕ್ ಕೊಡದೆ ಇದ್ರೆ.

ಮಕ್ಕಳ ವಿಷಯಕ್ಕೆ ಬರ್ತೀನಿ. ಅವ್ರು ಕೇಳೋಕೆ ಶುರು ಮಾಡಿದಾರೆ ಅಂದ್ರೆ ಈಗ್ಲೇ ತಡ ಆಗ್ತಿದೆ. 'ಕೊನೇ ದಿನ ಹೇಳಿದ್ರೆ ಅಳು ಕಡಿಮೆ' ಅಂತ ಒಂದು ನಂಬಿಕೆ ಇದೆ. ಅಳು ಕಡಿಮೆ ಆಗಲ್ಲ, ನಮ್ಮ ಕಣ್ಣಿಗೆ ಬೀಳೋದು ಕಡಿಮೆ ಆಗುತ್ತೆ. ಈ ರೂಮಿಗೆ ಬರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ದೊಡ್ಡವರು ಹೇಳದೆ ಕೇಳದೆ ಬಿಟ್ಟು ಹೋದ ಅನುಭವ ಆಗ್ಲೇ ಆಗಿರುತ್ತೆ. ಇನ್ನೊಂದು ಸಲ ಹಾಗೇ ಆದ್ರೆ ಆ ಮಗು ಕಲಿಯೋದು ಒಂದೇ, ಯಾರನ್ನೂ ಹಚ್ಕೋಬಾರ್ದು ಅಂತ. ಸುಮಾರು ನಾಲ್ಕರಿಂದ ಆರು ವಾರ ಮೊದಲೇ, ಈಗ ಅವ್ರ ಹತ್ರ ಬರ್ತಿರೋ ಪ್ರತಿ ಮಗುವಿಗೂ ಮೇಡಂ ತಾವೇ ಹೇಳ್ಬೇಕು, ಯಾವತ್ತು ಹೋಗ್ತೀನಿ, ಯಾಕೆ ಹೋಗ್ತೀನಿ (ನಿನ್ನಿಂದ ಬೇಜಾರಾಗಿ ಅಲ್ಲ ಅನ್ನೋದನ್ನ ಬಾಯಿಬಿಟ್ಟೇ ಹೇಳ್ಬೇಕು, ಮಕ್ಕಳು ಹಾಗೇ ಅಂದ್ಕೊಳ್ತಾರೆ), ಇನ್ನು ಎಷ್ಟು ಸಲ ಸಿಗ್ತೀವಿ, ಆಮೇಲೆ ಯಾರ ಹತ್ರ ಬರ್ಬೇಕು. ಇದಕ್ಕೆ ಟೈಂಟೇಬಲಲ್ಲಿ ಜಾಗ ಬೇಕು, ನಿಮ್ಮ ಕಮಿಟಿ ಅದನ್ನ ಬಿಡಿಸಿ ಕೊಟ್ರೆ ಫಲಕಕ್ಕಿಂತ ದೊಡ್ಡ ಉಡುಗೊರೆ.

ಹೇಳಿದ್ಮೇಲೆ ಕೆಲವು ಮಕ್ಕಳು ಕೆಡ್ತಾರೆ, ಅದಕ್ಕೆ ಟೀಚರ್ಸ್ ರೆಡಿ ಇರ್ಬೇಕು. ಸರಿಯಾಗಿ ಬರ್ತಿದ್ದವಳು ಮತ್ತೆ ಚಕ್ಕರ್ ಹೊಡೀಬಹುದು, ಬಿಟ್ಟುಹೋಗಿದ್ದ ಜಗಳ ಮತ್ತೆ ಶುರುವಾಗಬಹುದು, ಕೆಲವರು ಮೇಡಂ ಹತ್ರಾನೇ ಒರಟಾಗಿ ಆಡ್ತಾರೆ, ಕೊನೇ ಭೇಟಿಗೆ ಬರೋದೇ ಇಲ್ಲ. ಬಿಡೋ ಮುಂಚೆ ನಾನೇ ಬಿಟ್ಟೆ ಅನ್ನೋ ಲೆಕ್ಕ ಅದು. ಎಲ್ಲಾ ನೀರಲ್ಲಿ ಹೋಮ ಆಯ್ತು ಅಂತ ನಿಮ್ಮಲ್ಲಿ ಯಾರಾದ್ರೂ ಅನ್ಬಹುದು, ಹಾಗಲ್ಲ, ಸ್ವಲ್ಪ ದಿನ ತಾಳ್ಮೆಯಿಂದ ಇದ್ರೆ ಬಹಳಷ್ಟು ಮಕ್ಕಳು ವಾಪಸ್ ದಾರಿಗೆ ಬರ್ತಾರೆ. ಬರದೇ ಇರೋರ ಬಗ್ಗೆ ತಕ್ಷಣ ಹೊಸಬರಿಗೆ ತಿಳಿಸಿ. 'ಯಾವಾಗ ಬೇಕಾದ್ರೂ ಫೋನ್ ಮಾಡಿ' ಅನ್ನೋ ಮಾತು ಮಾತ್ರ ಮೇಡಂ ಕೊಡದೇ ಇದ್ರೆ ಒಳ್ಳೇದು, ಅವ್ರ ಪರವಾಗಿ ನೀವೂ ಕೊಡ್ಬೇಡಿ. ಕೇಳೋಕೆ ಪ್ರೀತಿಯ ಮಾತು, ಆದ್ರೆ ಫೋನ್ ಎತ್ತದೇ ಇದ್ದ ದಿನ ಆ ಮಗು ಏನು ಮಾಡುತ್ತೆ? ರಿಟೈರ್ ಆದ್ಮೇಲೂ ಅವ್ರಿಗೆ ರಾತ್ರಿ ಫೋನ್ ಪಕ್ಕ ಇಟ್ಕೊಂಡು ಮಲಗೋ ಪಾಡು ತಪ್ಪೋದೇ ಇಲ್ಲ.

ಹ್ಯಾಂಡೋವರ್ ಅಂದ್ರೆ ಫೈಲ್ ಕೊಡೋದಲ್ಲ. ಆದಷ್ಟು ಮಟ್ಟಿಗೆ ಮಗು, ಮೇಡಂ, ಹೊಸಬರು ಮೂರೂ ಜನ ಒಂದು ಸಲ ಒಟ್ಟಿಗೆ ಕೂರ್ಬೇಕು, ತನ್ನ ಬಗ್ಗೆ ಏನು ಹೇಳ್ಬಹುದು ಏನು ಬೇಡ ಅಂತ ಆ ಮಗೂನ ಕೇಳ್ಬೇಕು. ಫೈಲ್‌ಗಳು ಬೀಗದೊಳಗೆ ಹೊಸಬರ ಕೈಗೇ ಹೋಗ್ಬೇಕು, ಮಧ್ಯ ಸ್ಟಾಫ್ ರೂಮ್ ಕಪಾಟಲ್ಲಿ ಒಂದು ದಿನಾನೂ ಇರೋ ಹಾಗಿಲ್ಲ. ಹೊಸಬರು ಇನ್ನೂ ಬಂದಿಲ್ಲ ಅಂದ್ರೆ 'ಯಾರಾದ್ರೂ ನೋಡ್ಕೊಳ್ತಾರೆ' ಅಂತ ಬಿಡ್ಬೇಡಿ, ಇಂಥವ್ರು, ಇಂಥ ರೂಮು, ಇಂಥ ಹೊತ್ತು ಅಂತ ಒಬ್ಬರ ಹೆಸರು ಹೇಳಿ.

ಮತ್ತೆ ನೀವು. ಅವ್ರು ಹೋದ್ರೆ ನಿಮಗೂ ಒಬ್ರು ಕೇಳೋರು ಕಡಿಮೆ ಆಗ್ತಾರೆ, ಅದನ್ನ ಕಾರ್ಯಕ್ರಮದ ಗಡಿಬಿಡೀಲಿ ಮುಚ್ಚಿಡ್ತಿದೀರೇನೋ ಅನ್ಸ್ತು ನಿಮ್ಮ ಪತ್ರ ಓದಿದಾಗ. ಅವ್ರು ಪಕ್ಕ ಕೂತಿದ್ದು, ನೀವು ಕೆಲಸ ಬಿಡದೇ ಇದ್ದಿದ್ದು, ಇದು ಮಾತ್ರ ನಿಮ್ಮದೇ ಕಥೆ, ಯಾರ ಪರ್ಮಿಷನ್ನೂ ಬೇಕಾಗಿಲ್ಲ. ಅದನ್ನ ಕೈಯಲ್ಲಿ ಬರ್ದು ಅವ್ರಿಗೆ ಕೊಡಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನೋ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಥ್ಯಾಂಕ್ಸ್ ಪತ್ರ ಬರೆಸಿ, ಓದಿದವ್ರಿಗೆ ಹೇಗನ್ನಿಸ್ತು ಅಂತ ಕೇಳಿದ್ರು. ಬರೆದವ್ರು, ಅವ್ರಿಗೆ ಮುಜುಗರ ಆಗಬಹುದು, ಅಷ್ಟೇನೂ ಖುಷಿ ಆಗಲ್ಲ, ನನ್ನ ಭಾಷೆ ಚೆನ್ನಾಗಿಲ್ಲ ಅಂತೆಲ್ಲ ಅಂದ್ಕೊಂಡಿದ್ರೆ, ಓದಿದವ್ರಿಗೆ ಆದ ಖುಷಿ ಬರೆದವ್ರ ಅಂದಾಜಿಗಿಂತ ಜಾಸ್ತಿ ಇತ್ತು, ಮುಜುಗರ ಅಂದಾಜಿಗಿಂತ ಕಡಿಮೆ ಇತ್ತು. ಪದ ಹುಡುಕ್ತಾ ಕೂರ್ಬೇಡಿ ಅಂತ ಇದನ್ನ ಹೇಳಿದೆ.

ಕೊನೇದಾಗಿ ಮ್ಯಾನೇಜ್‌ಮೆಂಟ್. ಕಾರ್ಯಕ್ರಮಕ್ಕೆ ಬಂದು ಎರಡು ಮಾತು ಒಳ್ಳೇದು ಹೇಳೋಕೆ ಅವ್ರು ಖಂಡಿತ ಒಪ್ತಾರೆ. ಅದಕ್ಕೆ ಮುಂಚೇನೇ ನೀವು ನಾಲ್ಕು ಜನ ಹೋಗಿ ಆ ಪೋಸ್ಟ್ ಮುಂದಿನ ವರ್ಷ ಇರುತ್ತಾ, ಪೂರ್ತಿ ಸಮಯದ್ದಾ ಅರ್ಧಂಬರ್ಧದ್ದಾ, ಬಾಗಿಲು ಹಾಕ್ಕೊಳ್ಳೋ ಹಾಗಿರೋ ರೂಮ್ ಇರುತ್ತಾ ಅಂತ ಬರಹದಲ್ಲಿ ಕೇಳಿ. ಹೀಗೆ ಕೇಳಿದ್ರೆ ನಿಮ್ಮ ಮೇಲೆ ಸ್ವಲ್ಪ ಮುನಿಸು ಬರಬಹುದು, ಆ ರಿಸ್ಕ್ ಇದೆ, ಒಬ್ರೇ ಹೋಗದೆ ಒಟ್ಟಿಗೆ ಹೋಗಿ. ಹೊಸಬರು ಬಂದ್ಮೇಲೆ ಮೊದಲ ಕೆಲವು ತಿಂಗಳು ಅವ್ರ ಹತ್ರ ಮಕ್ಕಳು ಅಷ್ಟಾಗಿ ಹೋಗಲ್ಲ, ಪರೀಕ್ಷೆ ಮಾಡ್ತಿರ್ತಾರೆ. ಆಗ 'ಇವ್ರಿಗೆ ಕೆಲಸಾನೇ ಇಲ್ಲ' ಅಂತ ಅವ್ರನ್ನ ಎಕ್ಸಾಂ ಡ್ಯೂಟಿಗೋ ಟೀಚರ್ ರಜೆ ಹಾಕಿದ ಕ್ಲಾಸಿಗೋ ಕಳಿಸ್ಬೇಡಿ. ಎಕ್ಸಾಂ ಹಾಲಲ್ಲಿ ಕಾಪಿ ಹಿಡಿದವ್ರ ಹತ್ರ ಮಗು ಆಮೇಲೆ ಬಂದು ಏನನ್ನೂ ಹೇಳ್ಕೊಳ್ಳಲ್ಲ.